ಹನ್ನೆರಡಾಣೆಯ ಅಂದಾಜು

ಸೇಡಂ ಬಜಾರಿನಲ್ಲಿ ತೊಗರಿ ದಲಾಲಿ ಮಾಡಿ ಮೇಲೆ ಬಂದವನು ನಾನು. ಹೇಳಿದ ರೇಟಿಗೆ ಹೂಂ ಅಂದು ಎದ್ದು ಬಂದವನಲ್ಲ. ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ ನಾಲಿಗೆ ತಡವರಿಸುತ್ತಿತ್ತು. ಹೋದ ಮುಂಗಾರಿಗೆ ಅವಳು ಊರಿಗೆ ಬಂದಾಗ ಅವಳನ್ನೇ ಕೇಳಿದೆ.

ತೊಗರಿಗೆ ನೆಟೆ ರೋಗ ತರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಅದರೊಳಗೆ ಸಾವಿರಾರು ಪ್ರೋಟೀನುಗಳಂತೆ. ಅವುಗಳಲ್ಲಿ ಕೆಲವು ಮಾತ್ರ ಹೊರಗೆ ಬಂದು, ಬೇರಿನೊಳಗೆ ಸೇರಿ, ಗಿಡದ ಎಚ್ಚರ ತಪ್ಪಿಸುತ್ತವೆ. ಅಂಥವು ಯಾವುವು ಎಂದು ಕಂಪ್ಯೂಟರಿನಿಂದ ಅಂದಾಜು ಮಾಡಿಸುವುದು ಅವಳ ಕೆಲಸ.

"ಅದಕ್ಕೂ ನಿನ್ನಂಥ ದಲಾಲಿಗೋಳು ಇರ್ತಾರಪ್ಪಾ. ಮೊದಲು ಅವರು ಹೋಗಿ ಗಿಡಾನ ನಂಬಿಸ್ತಾರ" ಎಂದು ನಕ್ಕಳು. ಲ್ಯಾಪ್‌ಟಾಪಿನಲ್ಲಿ ಒಂದು ಪ್ರೋಟೀನಿನ ಸಾಲು ತೋರಿಸಿದಳು. "ಇದು ಅಂಥಾದ್ದೇ ಅಂತ ಹನ್ನೆರಡಾಣೆ ಅನಸ್ತದ. ಲ್ಯಾಬಿನಾಗ ಇನ್ನಾ ನೋಡಬೇಕು."

ನಮ್ಮ ಕಡೆ ಬೆಳೆ ಹದಿನಾರಕ್ಕೆ ಹನ್ನೆರಡಾಣೆ ಅಂದರೆ ಭರ್ಜರಿ ವರ್ಷ. ಲ್ಯಾಬಿನ ಮಾತು ನನ್ನ ಕಿವಿಗೇ ಬೀಳಲಿಲ್ಲ. ತೆಂಗಳಿಯಲ್ಲಿರುವ ಅಕ್ಕನಿಗೆ ಅವತ್ತೇ ಫೋನು ಹಚ್ಚಿದೆ: "ಮಗಳು ನೆಟೆ ರೋಗದ ಗುಟ್ಟು ಹಿಡದಾಳ, ಇನ್ನ ಅದು ಬರಂಗಿಲ್ಲ. ಹಳ್ಳದ ಹೊಲಕ್ಕ ತೊಗರೀನೇ ಹಾಕು." ಹಿಂದಿನ ವರ್ಷ ಅದೇ ಹೊಲದಲ್ಲಿ ಅಕ್ಕನ ತೊಗರಿ ಹೂ ಬಿಡುವಾಗ ನಿಂತಲ್ಲೇ ಒಣಗಿತ್ತು.

ಆ ವಾರ ಮಗಳನ್ನು ಕರೆದುಕೊಂಡು ತೆಂಗಳಿಗೆ ಹೋದೆ. ಓಣಿಯವರು ನಾಲ್ಕು ಮಂದಿ ಕಟ್ಟೆಯ ಮೇಲೆ ಕುಳಿತಿದ್ದರು. ಅಕ್ಕ ತೊಗರಿ ಬೀಜ ಹಸನು ಮಾಡುತ್ತಲೇ ಮಗಳನ್ನು ಕೇಳಿದಳು:

"ಹೌದೇನವಾ ಕೂಸು, ಇನ್ನ ನೆಟೆ ಬರಂಗಿಲ್ಲಂತ?"

ಮಗಳು ನನ್ನ ಮುಖ ನೋಡಿದಳು. "ಯಾರಂದ್ರಿ ಅತ್ತಿ? ನಂದು ಬರೇ ಅಂದಾಜು. ಅದರಿಂದ ನಿಮ್ಮ ಹೊಲದಾನ ರೋಗ ಹೋಗಂಗಿಲ್ರಿ. ಈ ವರ್ಷ ಅಲ್ಲಿ ಜೋಳ ಹಾಕ್ರಿ."

ಅಷ್ಟಕ್ಕಾದರೂ ನಾನು ಸುಮ್ಮನಾಗಬಹುದಿತ್ತು. "ಹನ್ನೆರಡಾಣೆ ನೀನೇ ಅಂದೀದಿ. ಮಂದಿ ಮುಂದ ಹದಿನಾರಾಣೆ ಅಂದ್ರ ನಿಂದೇನು ಹೋಗ್ತದ?"

"ನಂದಲ್ಲಪ್ಪಾ, ಅತ್ತಿದು ಹೋಗ್ತದ."

"ಮಗಳ ಕೂಡನೂ ಚೌಕಾಶಿ ಮಾಡಾಕತ್ತಾನ ನೋಡ್ರಿ!" ಎಂದು ಕಟ್ಟೆಯ ಮುದುಕನೊಬ್ಬ ತೊಡೆ ತಟ್ಟಿ ನಕ್ಕ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹಸನು ಮಾಡಿದ ಬೀಜವನ್ನು ಬೊಗಸೆಯಿಂದ ಚೀಲಕ್ಕೆ ತಿರುಗಿ ತುಂಬತೊಡಗಿದಳು. ಚೀಲದ ಬಾಯಿ ಹಿಡಿಯಲು ನಾನು ಬಾಗಿದೆ. "ನೀ ಬ್ಯಾಡ, ಕುಂದ್ರು. ಕೂಸು ಹಿಡೀತದ" ಎಂದಳು. ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಕಟ್ಟೆಯ ತುದಿಗೆ ಹೋಗಿ ಕುಳಿತೆ.

ಒಂದು ಮಾತು ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ: ಮಕ್ಕಳು "ಗೊತ್ತಿಲ್ಲ, ಇನ್ನೂ ನೋಡಬೇಕು" ಅಂದರೆ ಮಂದಿಗೆ ಅಷ್ಟನ್ನೇ ಹೇಳಿ, ಒಂದಾಣೆಯೂ ಸೇರಿಸಬೇಡಿ.

ಹಳ್ಳದ ಹೊಲದಲ್ಲಿ ಅಕ್ಕ ಜೋಳವನ್ನೇ ಬಿತ್ತಿದಳು. ಈಗಲೂ ಫೋನು ಮಾಡುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ. ಹೊಲದ ಮಾತು ಬಂತೆಂದರೆ, "ಕೂಸಿನ ನಂಬರ್ ಅದ ನನ್ನ ಕಡಿ, ಅಕಿಗೇ ಕೇಳ್ತೀನಿ ಬಿಡು" ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.