ತಾಯಿಮೀನುಗಳಿಗೆ ಬೇಕಾಗಿದ್ದ ಕತ್ತಲೆ

ಮೀನುಮರಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಿದ್ದರು. ತಾಯಿಮೀನುಗಳನ್ನು ಸಾಕಿ, ಮೊಟ್ಟೆ ತೆಗೆದು, ಮರಿ ಮಾಡಿಸುವುದು ಅವಳ ಕೆಲಸ. ಮೇವು ಹಾಕುವ ಮೊದಲು ನೀರಿಗೆ ಕೈಯಿಟ್ಟು ತಂಪು ನೋಡುವಳು. ಅವಸರವೆಂಬುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಹಗಲು ಕುಗ್ಗಿ ಚಳಿ ಶುರುವಾಗುವಾಗ ಮೊಟ್ಟೆ ಕಟ್ಟುವ ಜಾತಿ ಅದು. ಆ ವರ್ಷ ಚಳಿ ಬಂತು, ಆದರೆ ಮೀನುಗಳ ಹೊಟ್ಟೆ ಹಲಗೆಯಂತೆ ಚಪ್ಪಟೆಯಾಗಿಯೇ ಇತ್ತು. ಕೇಂದ್ರದ ಯಜಮಾನರು ತೊಟ್ಟಿಯೊಳಗೆ ಬಗ್ಗಿ ನೋಡಿದರು.

"ಇವಕ್ಕೆ ವಯಸ್ಸಾಯ್ತು ಅನ್ಸುತ್ತೆ ಮೀನಕ್ಕ. ಚಳಿ ಮುಗಿಯೋದ್ರೊಳಗೆ ಮೊಟ್ಟೆ ಬರದಿದ್ರೆ ಹೋಟೆಲಿನವನಿಗೆ ಕೊಟ್ಟುಬಿಡ್ತೀನಿ."

"ನೋಡೋಣ," ಎಂದಳು ಮೀನಕ್ಕ. ಬೆರಳುದ್ದ ಇದ್ದಾಗಿನಿಂದ ಸಾಕಿದ ಮೀನುಗಳು. ಅವನ್ನು ಬಾಣಲೆಗೆ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಮೀನಿನ ಡಾಕ್ಟರಮ್ಮನಿಗೆ ಹೇಳಿಕಳಿಸಿದಳು. ಅವರು ಬಂದು ಕಿವಿರು ಬಿಡಿಸಿ ನೋಡಿ, "ರೋಗ ಏನಿಲ್ಲ, ಗಟ್ಟಿಮುಟ್ಟಾಗಿವೆ," ಎಂದಾಗ ಅರ್ಧ ಭಾರ ಇಳಿಯಿತು. ಆಮೇಲೆ ಡಾಕ್ಟರಮ್ಮನ ಕಣ್ಣು ಮೇಲಿನ ದೊಡ್ಡ ಬಲ್ಬಿನ ಮೇಲೆ ಬಿತ್ತು.

"ಇದ್ಯಾಕೆ ಇಲ್ಲಿ?"

"ನೀರುನಾಯಿ ಕಾಟಕ್ಕೆ ಈ ಬೇಸಿಗೇಲಿ ಕಟ್ಟಿದ್ದು ಮೇಡಂ. ಬೆಳಕಿದ್ರೆ ಹತ್ರ ಸುಳಿಯಲ್ಲ. ಸಂಜೆ ಹಾಕಿದ್ರೆ ಬೆಳಗಾದ್ಮೇಲೇ ಆರಿಸೋದು."

ಡಾಕ್ಟರಮ್ಮ ನಕ್ಕರು. "ಹಾಗಾದ್ರೆ ಇವಕ್ಕೆ ಬೇಸಿಗೆ ಮುಗಿದೇ ಇಲ್ಲ. ಕತ್ತಲಾದಾಗ ಮೀನಿನ ಮೈಯಲ್ಲಿ ಒಂದು ಹಾರ್ಮೋನು ಊರುತ್ತೆ. ಇರುಳು ಉದ್ದ ಆದಷ್ಟೂ ಅದು ಹೆಚ್ಚು ಹೊತ್ತು ಊರುತ್ತೆ. ಅದರಿಂದಲೇ ಕಾಲ ಬಂತು ಅಂತ ಮೈಗೆ ಗೊತ್ತಾಗಿ, ಮೊಟ್ಟೆ ಬಲಿಸೋ ಹಾರ್ಮೋನು ಏಳೋದು."

ಪಕ್ಕದಲ್ಲೇ ತೊಟ್ಟಿ ಉಜ್ಜುತ್ತಿದ್ದ ಮೀನಕ್ಕನ ನಾದಿನಿ ಬಾಯಿ ಹಾಕಿದಳು. "ಕೇಳಿದ್ಯಾ ಅತ್ತಿಗೆ? ನಿನ್ನ ಮುದ್ದು ಅತಿಯಾಗಿ ಪಾಪ ಬಸಿರೇ ನಿಲ್ಲಲಿಲ್ಲ."

"ಬಲ್ಬು ತಂದು ಕಟ್ಟಿದ್ದು ಯಾರ ಗಂಡನೋ?"

"ಅವರು ನೀನು ಹೇಳಿದ್ದು ಬಿಟ್ಟು ಬೇರೆ ಏನು ಮಾಡ್ತಾರೆ?"

ಅಂದೇ ಮೀನಕ್ಕ ಬಲ್ಬು ಬಿಚ್ಚಿದಳು. ನೀರುನಾಯಿ ನುಗ್ಗದಂತೆ ತೊಟ್ಟಿಯಿದ್ದ ಶೆಡ್ಡಿನ ತೆರೆದ ಬದಿಗೆ ನಾದಿನಿಯ ಜೊತೆ ತಂತಿಬಲೆ ಬಿಗಿದಳು. ಹೊತ್ತು ಮುಳುಗಿದ ಮೇಲೆ ತೊಟ್ಟಿಯ ಕಡೆ ಬೀಡಿಯ ಕಿಡಿಯೂ ಕಾಣಬಾರದೆಂದು ಕಾವಲಿನವನಿಗೆ ತಾಕೀತು ಮಾಡಿದಳು.

ವಾರಗಳು ಸರಿದವು. ನೀರು ಕೈ ಕೊರೆಯುವಷ್ಟು ತಣ್ಣಗಾಯಿತು. ಒಂದು ಮುಂಜಾನೆ ಮೀನಿನ ಹೊಟ್ಟೆ ಅವಳ ಬೆರಳಿಗೆ ಮೆತ್ತಗೆ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಹಿಡಿದು ಹೆಬ್ಬೆಟ್ಟು ಹಗುರಾಗಿ ಜಾರಿಸಿದಳು. ಕಿತ್ತಳೆ ಬಣ್ಣದ ಮೊಟ್ಟೆಗಳು ಬಳಬಳನೆ ಬಟ್ಟಲಿಗೆ ಸುರಿದವು. ಎಷ್ಟೋ ದಿನಗಳಿಂದ ಬಿಗಿಹಿಡಿದಿದ್ದ ಉಸಿರು ತಾನಾಗಿ ಹೊರಬಂತು.

ಸುದ್ದಿ ತಿಳಿದ ಯಜಮಾನರು ಚಪ್ಪಲಿ ಮರೆತು ಓಡಿಬಂದರು. "ಹೋಟೆಲಿನವನಿಗೆ ಈಗ ಏನಂತ ಹೇಳ್ಲಿ?"

"ಬಾಣಂತಿಯರನ್ನ ಮಾರಲ್ಲ ಅನ್ನಿ. ಸುಮ್ನೆ ನಿಲ್ಲಬೇಡಿ, ಈ ಬಟ್ಟಲು ಹಿಡ್ಕೊಳ್ಳಿ. ಆಚೆ ಇನ್ನೊಂದು ಮೀನು ಕಾಯ್ತಾ ಇದೆ."

ಯಜಮಾನರು ಅಂಗಿಯ ತೋಳು ಮಡಿಚಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.