ಬಾನಗಡಿಯ ಯುಗಾದಿ ಸ್ಪೆಷಲ್ ಮತ್ತು ಕಂಡಕ್ಟರ್ ಗಂಗಲಕ್ಷ್ಮಿ

ಯುಗಾದಿಗೂ ಡ್ಯೂಟಿ, ಮಾರನೇ ದಿನ ಹೊಸತೊಡಕಿಗೂ ಡ್ಯೂಟಿ. ಊರಿಗೆಲ್ಲ ಹಬ್ಬವೆಂದರೆ ರಜೆ. ಮಧುಗಿರಿ ಡಿಪೋದ ಕಂಡಕ್ಟರ್ ಗಂಗಲಕ್ಷ್ಮಿಗೆ ಮಾತ್ರ ಇನ್ನಷ್ಟು ಜನ, ಇನ್ನಷ್ಟು ಚೀಲ, ಇನ್ನಷ್ಟು ಚಿಲ್ಲರೆ ಜಗಳ. ಕೆಲಸಕ್ಕೆ ಸೇರಿದ ಮೇಲೆ ಒಬ್ಬಟ್ಟನ್ನು ಬಿಸಿಯಾಗಿ ತಿಂದದ್ದು ಅವಳಿಗೆ ನೆನಪಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಸಿಟ್ಟು ಬರುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಆದರೆ ಈ ಸಲ ಅವಳಿಗೊಂದು ಆಸೆಯಿತ್ತು. ಟಿವಿಯಲ್ಲಿ ಹದಿಮೂರು ವರ್ಷದಿಂದ ಎಳೆದಾಡಿಕೊಂಡು ಬಂದಿರುವ ‘ಬಾನಗಡಿ’ ಎಂಬ ಧಾರಾವಾಹಿ. ಆಕಾಶದಲ್ಲೊಂದು ನೌಕೆ, ಅದಕ್ಕೆ ಕ್ಯಾಪ್ಟನ್ ತಾರಿಣಿ ಎಂಬ ಹೆಂಗಸು, ಸುತ್ತ ಬೇರೆ ಬೇರೆ ಗ್ರಹದ ಪುಂಡರು. ಪ್ರತಿ ಯುಗಾದಿಗೆ ಎರಡು ಗಂಟೆಯ ಸ್ಪೆಷಲ್. ಮಗಳು ಶರಣ್ಯಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ಶುರುವಾದದ್ದು. ಈಗ ಪಿಯುಸಿ ಪರೀಕ್ಷೆ ಮುಗಿಸಿ ಕೂತಿರುವ ಆ ಹುಡುಗಿ ಅಮ್ಮನ ಹತ್ತಿರ ‘ಹ್ಞೂಂ’, ‘ಉಹ್ಞೂಂ’ ಬಿಟ್ಟು ಬೇರೆ ಮಾತು ಖರ್ಚು ಮಾಡುವುದಿಲ್ಲ. ಗಂಡ ಓಬಳರಾಜು ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ತಾಯಿ ಮಗಳು ಒಂದೇ ಕಡೆ ಮುಖ ಮಾಡಿ ಕೂರುವುದೆಂದರೆ ಈ ಯುಗಾದಿ ಸ್ಪೆಷಲ್‌ಗೆ ಮಾತ್ರ ಎಂದು ಗಂಗಲಕ್ಷ್ಮಿ ನಂಬಿಕೊಂಡಿದ್ದಳು.

ಹಬ್ಬದ ದಿನ ಡ್ಯೂಟಿ ಮುಗಿಯುವುದೇ ತಡ, ಟಿವಿಯಲ್ಲಿ ನೋಡುವುದು ಬೇಡ, ಹೊಸತೊಡಕಿನ ಸಂಜೆ ಮೊಬೈಲಿನಲ್ಲಿ ಇಬ್ಬರೂ ಕೂತು ನೋಡೋಣ ಎಂದು ಅವಳು ಹೇಳಿದ್ದಕ್ಕೆ ಮಗಳು ‘ಹ್ಞೂಂ’ ಅಂದಿದ್ದಳು. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವುದು ಈ ಕಡೆಯವರ ನಂಬಿಕೆ. ಆ ಒಂದು ಸಂಜೆ ಮಗಳ ಪಕ್ಕ ಕೂತುಬಿಟ್ಟರೆ ವರ್ಷವೆಲ್ಲ ನಾಲ್ಕು ಮಾತಾದರೂ ಗಿಟ್ಟೀತು. ಅವಳಿಗೆ ಬೇಕಾದದ್ದು ಇಷ್ಟೇ.

ಹೊಸತೊಡಕಿನ ಬೆಳಗಿನ ಪಾವಗಡದ ಬಸ್ಸು ಹತ್ತಿದವರೆಲ್ಲ ಬಾನಗಡಿಯ ಹುಚ್ಚರೇ. ಪರೀಕ್ಷೆ ಡ್ಯೂಟಿಗೆ ಹೊರಟ ಪ್ರಸನ್ನ ಕುಮಾರ್ ಮೇಷ್ಟ್ರು, ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿರುವ ಭೀಮರಾಜು, ಇಬ್ಬರೂ ಸೀಟು ಹಿಡಿಯುವ ಮುಂಚೆಯೇ ಬಾಯಿ ತೆರೆದರು. ಗಂಗಲಕ್ಷ್ಮಿ ಟಿಕೆಟ್ ಮಷಿನ್ನನ್ನೇ ಕೋಲಿನಂತೆ ಎತ್ತಿ, ತಾನಿನ್ನೂ ನೋಡಿಲ್ಲ, ಕಥೆ ಬಿಚ್ಚಿದವರನ್ನು ನಡುದಾರಿಯಲ್ಲೇ ಇಳಿಸುತ್ತೇನೆ ಎಂದು ಗದರಿದಳು. ಪಾಪ, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೇ ಕೂತರು. ಮಿಡಿಗೇಶಿಯಲ್ಲಿ ಅಂಗನವಾಡಿಯ ಚನ್ನಮಲ್ಲಮ್ಮ ಹತ್ತಿದಳು. ಅವಳಿಗೆ ಈ ಕಟ್ಟಳೆ ಯಾರು ಹೇಳಿದ್ದರು?

“ನೋಡ್ದೇನವ್ವ ಗಂಗಲಕ್ಷ್ಮಿ, ತಾರಿಣಿ ನೌಕೆ ಬುಟ್ಟು ಇಳ್ದೋಗ್ಬುಟ್ಲು!”

ಆಮೇಲೆ ಯಾರನ್ನು ತಡೆಯುವುದು? ಕೆರೆಯ ಕೋಡಿ ಬಿದ್ದಂತೆ ಇಡೀ ಬಸ್ಸು ಹರಿಯಿತು. ತಾರಿಣಿ ನೌಕೆಯ ಬೀಗದ ಕೈಯನ್ನು ಹೊಸ ಹುಡುಗನಿಗೆ ಕೊಟ್ಟು, ಹೆಸರೂ ಇಲ್ಲದ ಯಾವುದೋ ಗ್ರಹದಲ್ಲಿ ಇಳಿದು, ಒಂದು ಬಂಡೆಯ ಮೇಲೆ ಕೂತು ಬೂಟು ಬಿಚ್ಚಿ, ‘ಸಾಕಾಯ್ತು’ ಅಂದಳಂತೆ. ಅಲ್ಲಿಗೆ ಮುಗಿಯಿತಂತೆ. ಇಷ್ಟು ವರ್ಷ ಕಾಯಿಸಿದ ಕಪ್ಪು ಕುಳಿಯ ಗುಟ್ಟನ್ನು ಹೇಳದೆ ಅವಳು ಇಳಿಯುವುದು ಹೇಗೆ ಎಂದು ಮೇಷ್ಟ್ರು ಉರಿದುಬಿದ್ದರು. ತೆಲುಗು ಚಾನೆಲ್ಲಿನಲ್ಲಿ ನೋಡಿದ್ದ ಭೀಮರಾಜು, ‘ಮೋಸಂ ಚೇಸಿನಾರು, ಮೋಸ ಮಾಡ್ಬುಟ್ರು’ ಎಂದು ಹಣೆ ಹಣೆ ಚಚ್ಚಿಕೊಂಡ. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನೆಲ್ಲ ಮೇಷ್ಟ್ರು ಗಟ್ಟಿಯಾಗಿ ಓದತೊಡಗಿದರು. ಒಬ್ಬ ಇನ್ನು ಜನ್ಮದಲ್ಲಿ ಆ ಚಾನೆಲ್ ಹಾಕುವುದಿಲ್ಲ ಅಂದಿದ್ದ. ಇನ್ನೊಬ್ಬಳು ಎರಡು ದಿನದಿಂದ ಊಟ ಸೇರುತ್ತಿಲ್ಲ ಅಂದಿದ್ದಳು. ನಿನ್ನೆ ಬಂದ ಕಥೆಗೆ ಎರಡು ದಿನದ ಉಪವಾಸ ಎಲ್ಲಿಂದ ಬಂತೋ!

ಗಂಗಲಕ್ಷ್ಮಿಗೆ ಕಥೆ ಹಾಳಾದದ್ದಕ್ಕೆ ಅಳು ಬರಬೇಕಿತ್ತು. ಬರಲಿಲ್ಲ. ಬೂಟು ಬಿಚ್ಚಿದಳು ಅಂದಾಗ ಅವಳ ಅಂಗಾಲೇ ತಣ್ಣಗಾದಂತಾಯಿತು.

“ಇಳ್ಕಂಡ್ರೆ ಏನ್ ತಪ್ಪು ಮೇಷ್ಟ್ರೇ? ಹದಿಮೂರು ವರ್ಷದಿಂದ ದುಡಿದವ್ಳೆ ಆ ಯಮ್ಮ,” ಅಂದಳು. ಬಸ್ಸಿಗೆ ಬಸ್ಸೇ ಅವಳ ಮೇಲೆ ಬಿತ್ತು. ಹಾಗೆ ಎಲ್ಲರೂ ಇಳಿದುಬಿಟ್ಟರೆ ನೌಕೆಯ ಗತಿಯೇನು ಎಂದು ಭೀಮರಾಜು ಕೇಳಿದ. ಅವಳು ಮುಂದಿನ ಸೀಟಿಗೆ ಟಿಕೆಟ್ ಹರಿದಳು. ಕಥೆ ಹೋದರೆ ಹೋಗಲಿ, ಮಗಳ ಪಕ್ಕದ ಜಾಗ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸಂಜೆ ಡಿಪೋದಲ್ಲಿ ಕ್ಯಾಶ್ ಕಟ್ಟಿ, ಹೊಸತೊಡಕಿನ ಬಾಡೂಟಕ್ಕೆಂದು ಅಂಗಡಿಯವನು ಉಳಿಸಿಟ್ಟಿದ್ದ ಅರ್ಧ ಕೇಜಿ ಮಟನ್ ಹಿಡಿದು ಮನೆಗೆ ಬಂದಳು. ಕಾಲು ತೊಳೆದು, ಸಾರು ಒಲೆಗಿಟ್ಟು, ಚಾಪೆ ಹಾಸಿ, “ಹಾಕು ಮಗಾ, ಬಾನಗಡಿ,” ಅಂದಳು.

“ನಾನು ನಿನ್ನೇನೇ ನೋಡ್ಬುಟ್ಟೆ,” ಅಂದಳು ಶರಣ್ಯಾ, ಮೊಬೈಲಿನಿಂದ ತಲೆ ಎತ್ತದೆ.

ಗಂಗಲಕ್ಷ್ಮಿ ಚಾಪೆಯ ಮೇಲೆ ಕೂತುಬಿಟ್ಟಳು. ಜೊತೆಗೆ ನೋಡೋಣ ಅಂತ ಮಾತಾಗಿತ್ತಲ್ಲ ಎಂದು ಕೇಳುವಾಗ ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. ಮಗಳು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅಮ್ಮ, ಪ್ರತಿ ಯುಗಾದೀಲೂ ನೀನು ಹತ್ತು ನಿಮಿಷಕ್ಕೇ ನಿದ್ದೆ ಮಾಡ್ಬುಡ್ತೀಯ. ನಾವು ಜೊತೇಲಿ ನೋಡಿದ್ದು ಯಾವತ್ತು? ನಾನೊಬ್ಳೇ ನೋಡ್ತಿದ್ದೆ.”

ಗಂಗಲಕ್ಷ್ಮಿಗೆ ಸುಳ್ಳು ಹೇಳೋಣ ಅನ್ನಿಸಿತು. ಒಂದಾದರೂ ಸ್ಪೆಷಲ್‌ನ ಕೊನೆ ನೆನಪಾದರೆ ಹೇಳಬಹುದಿತ್ತು. ಎಷ್ಟು ತಡಕಿದರೂ ನೆನಪಿಗೆ ಬಂದದ್ದು ಮೇಷ್ಟ್ರು ಹೇಳಿದ್ದು, ಚನ್ನಮಲ್ಲಮ್ಮ ಹೇಳಿದ್ದು, ಭೀಮರಾಜು ಕೈಬೀಸಿ ತೋರಿಸಿದ್ದು. ಹದಿಮೂರು ವರ್ಷದ ಬಾನಗಡಿಯನ್ನು ಅವಳು ಬಸ್ಸಿನಲ್ಲೇ ಕೇಳಿಸಿಕೊಂಡಿದ್ದಳು. ಮಗುವನ್ನು ಎಷ್ಟು ಹಬ್ಬ ಒಂಟಿಯಾಗಿ ಕೂರಿಸಿದ್ದಳು, ಪಕ್ಕದಲ್ಲೇ ಇದ್ದುಕೊಂಡು!

ಅವಳು ಗೋಡೆ ಹಿಡಿದು ಎದ್ದಳು.

“ಇನ್ನೊಂದ್ಸಲ ಹಾಕು. ಕೂತ್ರೆ ತಾನೇ ನಿದ್ದೆ ಬರಾದು? ನಿಂತ್ಕಂಡೇ ನೋಡ್ತೀನಿ.”

ಶರಣ್ಯಾ ಅಮ್ಮನ ಊದಿದ ಪಾದಗಳನ್ನು ನೋಡಿದಳು, ಮುಖ ನೋಡಿದಳು. ಮೊಬೈಲನ್ನು ಗೋಡೆಯ ಶೆಲ್ಫಿನ ಮೇಲೆ ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟು, ತಾನೂ ಬಂದು ಪಕ್ಕದಲ್ಲಿ ನಿಂತಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಡುವೆ ಎರಡು ಸಲ ಗಂಗಲಕ್ಷ್ಮಿ ನಿಂತಲ್ಲೇ ತೂಕಡಿಸಿದಳು. ಬಾಗಿಲ ಚೌಕಟ್ಟು ಹಿಡಿದು ಸರಿಯಾದಳು. ಕೊನೆಗೆ ತಾರಿಣಿ ಬಂಡೆಯ ಮೇಲೆ ಕೂತು ಬೂಟು ಬಿಚ್ಚುವ ಹೊತ್ತಿಗೆ ಪಕ್ಕದಿಂದ ಮೂಗು ಎಳೆಯುವ ಸದ್ದಾಯಿತು. ತಿರುಗಿ ನೋಡಿದರೆ ಮಗಳು ಬಿಕ್ಕುತ್ತಿದ್ದಳು. ಇಂಥ ಜಾಗದಲ್ಲಿ ಈ ಹುಡುಗಿ ಅಳುತ್ತಾಳೆ ಎಂದು ಗಂಗಲಕ್ಷ್ಮಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.