ಹೊಯ್ಗೆಯಲ್ಲಿ ಕಲಿತ ಹಿಮದಾಟ

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹಿಮದಲ್ಲಿ ಜಾರಾಡಲಿಕ್ಕೆ ಜಪಾನಿಗೆ ಹೊರಡುವ ಎಷ್ಟೋ ದಿನ ಮೊದಲೇ ಹಿಮದ ಜಾಕೆಟ್ ತಂದಿಟ್ಟುಕೊಂಡಿದ್ದರು. ಇಲ್ಲಿ ಗಲ್ಫಿನ ಸೆಖೆಯಲ್ಲಿ, ಅಲ್ ಖೌದಿನ ಫ್ಲಾಟಿನಲ್ಲಿ ಏಸಿಯನ್ನು ಹದಿನಾರಕ್ಕೆ ಇಳಿಸಿ, ಜಾಕೆಟ್ ಹಾಕಿಕೊಂಡು ಸೋಫಾದಲ್ಲಿ ಚಾ ಕುಡಿಯುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಭಾವನಿಗೆ ಅರ್ಧರಾತ್ರಿಯವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ.

ಅಕ್ಕನಿಗೆ ಹೋಗುವ ಮನಸ್ಸೇ ಇರಲಿಲ್ಲ. ಎತ್ತರ ಎಂದರೆ ಅವಳಿಗೆ ಚಿಕ್ಕಂದಿನಿಂದ ಹೆದರಿಕೆ. "ನನ್ನನ್ನು ಬಿಡಿ, ನಾನು ಕೆಳಗೆ ಕೂತು ನೋಡ್ತೇನೆ" ಎಂದಳು. ಭಾವ ಒಪ್ಪಬೇಕಲ್ಲ. ಹೆಂಡತಿಯೂ ಹಿಮದಲ್ಲಿ ಜಾರುವ ವಿಡಿಯೊ ಆಫೀಸಿನವರಿಗೆ ತೋರಿಸದಿದ್ದರೆ ಭಾವನಿಗೆ ಉಂಡದ್ದು ಕರಗುವುದಿಲ್ಲ. ಅವಳಿಗೆ ಜೊತೆಯಾಗಲಿ ಎಂದು ನಾನಿರುವ ನಿಜ್ವಾ ಊರಿನಿಂದ ನಾನೂ ಹೊರಟೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಪುಣ್ಯಾತ್ಮ.

ತರಬೇತಿ ನಡೆದದ್ದು ಇಲ್ಲಿಯ ಮರುಭೂಮಿಯ ಹೊಯ್ಗೆ ದಿಬ್ಬಗಳಲ್ಲಿ. ಕಾಲಿಗೆ ಬಿಗಿದು ಜಾರುವ ಹಲಗೆಯ ಅಡಿಗೆ ಮೇಣದಬತ್ತಿ ಉಜ್ಜಿ, ಕಾರಿನ ಹಿಂದೆ ಬಿರಿಯಾನಿ ಪಾತ್ರೆ ಇಟ್ಟುಕೊಂಡು ಶುಕ್ರವಾರ ಶುಕ್ರವಾರ ಹೋಗುತ್ತಿದ್ದೆವು. "ಬಿದ್ದರೆ ಎಂತ? ಕೈ ಊರಿ ಏಳು. ಹೊಯ್ಗೆಯೂ ಒಂದೇ, ಹಿಮವೂ ಒಂದೇ" ಎಂದು ಭಾವ ಕೆಳಗೆ ನಿಂತು ಉಪದೇಶ ಕೊಡುತ್ತಿದ್ದರು. ತಾವೇ ಮುಖ ಅಡಿಯಾಗಿ ಬಿದ್ದು ಹಲ್ಲಿನೆಡೆಯ ಹೊಯ್ಗೆ ಉಗಿದಾಗ ಮಾತ್ರ ತಪ್ಪು ಮೇಣದ್ದಾಗಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು.

ಜಪಾನಿನಲ್ಲಿ ಕಲಿಸುವವರು ಇದ್ದರು. "ನಾವು ಕಲಿತೇ ಬಂದವರು" ಎಂದು ಭಾವ ಅವರನ್ನು ಬೇಡವೆಂದರು. ಹಿಂದಿನ ರಾತ್ರಿಯಷ್ಟೇ ಬಿದ್ದ ಹಿಮ, ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗೆ. ಕಾಲಿಟ್ಟರೆ ಸೊಂಟದವರೆಗೆ ಒಳಗೆ. ಭಾವ ಅಕ್ಕನನ್ನು ಇಳಿಜಾರಿನ ಅಂಚಿಗೆ, ಮರಗಳ ಪಕ್ಕಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೆತ್ತಗೆ, ಬಿದ್ದರೂ ನೋವಾಗುವುದಿಲ್ಲವಂತೆ. ತಾವು ಸ್ವಲ್ಪ ಕೆಳಗೆ ನಿಂತು, "ಯಲ್ಲಾ, ಹೊರಡು, ಜಾರು" ಎಂದು ಮೊಬೈಲು ಎತ್ತಿ ಹಿಡಿದರು.

ಅಕ್ಕ ಜಾರಿದಳು. ಹಲಗೆ ಅಡ್ಡ ತಿರುಗಿತು. ಮರದ ಬುಡದ ಸಡಿಲ ಹಿಮದೊಳಗೆ ತಲೆಕೆಳಗಾಗಿ ಹೋದಳು. ಹೊರಗೆ ಉಳಿದದ್ದು ಹಲಗೆಗೆ ಬಿಗಿದ ಕಾಲುಗಳು ಮಾತ್ರ. "ಕೈ ಊರು, ಕೈ ಊರು" ಎಂದು ಭಾವ ನಗುತ್ತಾ ಕೂಗುತ್ತಿದ್ದರು. ಊರಲಿಕ್ಕೆ ಅಲ್ಲಿ ನೆಲ ಎಲ್ಲಿ ಉಂಟು ಮಾರಾಯ್ರೆ? ಒತ್ತಿದಷ್ಟೂ ಕೈ ಇಳಿಯುತ್ತದೆ. ಮೇಲೆ ನಿಂತಿದ್ದ ನಾನು ನನ್ನ ಹಲಗೆ ಕಳಚಿ ಬಿಸಾಡಿ, ಉರುಳಿ ತೆವಳಿ ಬಂದು, ಮುಖ ಸಿಗುವವರೆಗೆ ಎರಡೂ ಕೈಯಲ್ಲಿ ಅಗೆದೆ. ತುಟಿ ನೀಲಿಯಾಗಿತ್ತು. ಬಾಯಿಗೆ ಬೆರಳು ಹಾಕಿ ಹಿಮ ತೆಗೆದ ಮೇಲೆ ಅವಳು ಉಸಿರೆಳೆದಳು. ಭಾವನ ಮೊಬೈಲು ಆಗಲೂ ಕೆಳಗಿಳಿದಿರಲಿಲ್ಲ. ಅವರನ್ನು ಅದೇ ಹೊಂಡದಲ್ಲಿ ಹೂಳಬೇಕು ಅನ್ನಿಸಿತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ವಾಪಸು ಬಂದ ವಾರವೇ ಆಫೀಸಿನವರನ್ನು ಊಟಕ್ಕೆ ಕರೆದರು. ದೊಡ್ಡ ಟೀವಿಯಲ್ಲಿ ವಿಡಿಯೊ. ಅಕ್ಕ ಹೊರಟದ್ದು, ಬಿದ್ದದ್ದು, ಕಾಲು ಒದೆದದ್ದು, ಅಲ್ಲಿಗೆ ನಿಲ್ಲಿಸಿದರು. ಎಲ್ಲರೂ ನಕ್ಕರು.

"ಆಮೇಲೆ ಅವಳೇ ಎದ್ದಳು. ನಮ್ಮ ಟ್ರೈನಿಂಗ್ ಅಲ್ವಾ" ಎಂದರು ಭಾವ.

ಅಕ್ಕ ಕೈಯಲ್ಲಿದ್ದ ನೀರಿನ ಜಗ್ಗು ಮೇಜಿನ ಮೇಲಿಟ್ಟಳು.

"ಪೂರ್ತಿ ಹಾಕಿ" ಎಂದಳು. "ನೀವು ಎಷ್ಟು ಹೊತ್ತು ಮೊಬೈಲು ಹಿಡ್ಕೊಂಡು ನಿಂತಿದ್ರಿ ಅಂತ ನನಗೆ ಒಳಗಿಂದ ಗೊತ್ತಾಗ್ಲಿಲ್ಲ."